ಮೊದಲ ಕೊಂಬಿನ ಸಾಕ್ಷ್ಯ: ಎಳೆಯ ಗಂಡು ಜಿಂಕೆ ಮತ್ತು ಅದು ಹುಟ್ಟಿದ ವರ್ಷ



ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯ ಅಳತೆಯಲ್ಲಿ ಬಹಳ ಚಿಕ್ಕದು. ಒಂದು ವರ್ಷದ ಆಸುಪಾಸಿನ ಗಂಡು ಜಿಂಕೆಯ ನೆತ್ತಿಯ ಮೇಲೆ ಮೊದಲ ಸಲ ಮೂಡುವ, ಕವಲೊಡೆಯದ, ಗೇಣುದ್ದದ ಎರಡು ಕೊಂಬುಗಳು. ಅದರ ಬಗ್ಗೆ ಒಂದು ಗಂಟೆ ಮಾತನಾಡುವುದಕ್ಕೆ ಏನಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಕೊಂಬನ್ನು ನೋಡಿ ಪ್ರಾಣಿಯ ವಯಸ್ಸು ಹೇಳುವವರಿದ್ದಾರೆ, ಅದರ ವಂಶದ ಯೋಗ್ಯತೆ ಹೇಳುವವರೂ ಇದ್ದಾರೆ. ಎಳೆಯ ಗಂಡಿನ ಮೊದಲ ಕೊಂಬು ಈ ಎರಡಕ್ಕಿಂತ ಮಿಗಿಲಾಗಿ ಮೂರನೆಯದೊಂದನ್ನು ಹೇಳುತ್ತದೆ. ತಾಯಿ ಬಸಿರಾಗಿದ್ದಾಗ ಮತ್ತು ಮರಿ ಬೆಳೆಯುವಾಗ ಆ ನೆಲದಲ್ಲಿ ಎಷ್ಟು ಹುಲ್ಲಿತ್ತು, ಅದನ್ನು ಎಷ್ಟು ಬಾಯಿಗಳು ಹಂಚಿಕೊಂಡವು ಎಂಬ ಲೆಕ್ಕ ಅದರಲ್ಲಿದೆ. ಇದು ನನ್ನ ವಾದ. ಇದಕ್ಕೆ ಆಧಾರ ಕೊಡಬೇಕಾದರೆ ಮೊದಲು ಜಿಂಕೆಯ ಕೊಂಬು ದನದ ಕೋಡಿಗಿಂತ ಹೇಗೆ ಬೇರೆ ಎಂದು ನೋಡಬೇಕು. ಆಮೇಲೆ ಅದು ಎಳೆಯ ತಲೆಯಲ್ಲಿ ಹುಟ್ಟುವ ಬಗೆಯನ್ನು, ಕೊನೆಗೆ ಈ ವಾದಕ್ಕೆ ಬರುವ ಆಕ್ಷೇಪಗಳನ್ನು ನೋಡೋಣ.

ಹೆಸರಿನಿಂದಲೇ ತೊಡಗುತ್ತೇನೆ. ನಮ್ಮ ಬಯಲುಸೀಮೆಯಲ್ಲಿ ಜಿಂಕೆ ಎಂಬ ಒಂದೇ ಮಾತು ಹಲವು ಪ್ರಾಣಿಗಳಿಗೆ ಸಲ್ಲುತ್ತದೆ. ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಹಿಂಡಾಗಿ ನೆಗೆದು ಓಡುವುದನ್ನೂ ಜನ ಜಿಂಕೆ ಎಂದೇ ಕರೆಯುತ್ತಾರೆ, ಅದು ಕೃಷ್ಣಮೃಗ. ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿರುವುದು ನಾಲ್ಕು ಕೊಂಬಿನ ಕೊಂಡುಕುರಿ. ಹಿರಿಯೂರಿನ ಗಡಿಗೆ ಹತ್ತಿರದ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರದ ಹೆಸರಿನಲ್ಲಿಯೇ ವನ್ಯಧಾಮವೆಂದು ಘೋಷಿಸಲಾಯಿತು. ಈ ಮೂರೂ ಪ್ರಾಣಿಶಾಸ್ತ್ರದ ಪ್ರಕಾರ ದನ, ಕುರಿ, ಮೇಕೆಗಳ ಬಳಗ. ನಿಜವಾದ ಜಿಂಕೆಯ ಬಳಗದವು ಮೈಮೇಲೆ ಚುಕ್ಕೆಯಿರುವ ಸಾರಗ, ಕಡವೆ, ಕಾಡುಕುರಿ. ಇವುಗಳನ್ನು ಕಾಡಿನಲ್ಲಿಯೇ ನೋಡಬೇಕೆಂದರೆ ನಾವು ಪಡುವಣಕ್ಕೆ, ಭದ್ರಾ ಅಭಯಾರಣ್ಯದ ಕಡೆಗೆ ಹೋಗಬೇಕು. ಈ ಎರಡು ಬಳಗಗಳ ತಲೆಯ ಮೇಲಿರುವುದು ಒಂದೇ ವಸ್ತುವಲ್ಲ. ಅದೃಷ್ಟಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ, ಕೋಡು ಮತ್ತು ಕೊಂಬು. ಆಡುಮಾತಿನಲ್ಲಿ ಎರಡನ್ನೂ ಬೆರೆಸಿ ಬಳಸುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಂಬು ಎಂಬುದು ಮರದ ಕೊಂಬೆಯ ನಂಟಿನ ಮಾತು. ಮರ ಎಲೆ ಉದುರಿಸಿ ಮತ್ತೆ ಚಿಗುರುವಂತೆ ಜಿಂಕೆಯ ತಲೆಯ ಕವಲೂ ಬಿದ್ದು ಮತ್ತೆ ಬರುತ್ತದೆ. ಆದ್ದರಿಂದ ಇನ್ನು ಮುಂದೆ ಈ ಉಪನ್ಯಾಸದ ಮಟ್ಟಿಗೆ ದನದ ಬಳಗದ್ದನ್ನು ಕೋಡು ಎಂದೂ ಜಿಂಕೆಯದನ್ನು ಕೊಂಬು ಎಂದೂ ಕರೆಯಲು ಅಪ್ಪಣೆ ಬೇಡುತ್ತೇನೆ.

ಕೋಡಿನ ವಿಚಾರದಲ್ಲಿ ಈ ಸಭೆಯಲ್ಲಿರುವ ರೈತರಿಗೆ ನಾನು ಹೊಸದಾಗಿ ಹೇಳಬೇಕಾದ್ದು ಕಡಿಮೆ, ಅವರಿಂದ ಕೇಳಿ ತಿಳಿಯಬೇಕಾದ್ದು ಹೆಚ್ಚು. ಅಮೃತಮಹಲ್ ತಳಿಯ ಎತ್ತುಗಳು ಹೊಸದುರ್ಗ, ಅಜ್ಜಂಪುರದ ಸೀಮೆಗೆ ಹಳೆಯ ಪರಿಚಯ. ಬುಡದಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ಸಾಗಿ, ತುದಿಯಲ್ಲಿ ಚೂಪಾಗುವ ಅವುಗಳ ಕೋಡನ್ನು ದೂರದಿಂದಲೇ ಗುರುತಿಸಬಹುದು. ಕಾರಹುಣ್ಣಿಮೆಯ ದಿನ ಅದಕ್ಕೆ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೋಡಣಸು ಸಿಗಿಸುತ್ತಾರೆ. ಪೆಟ್ಟಿಗೆಯಲ್ಲಿ ತೆಗೆದಿಟ್ಟ ಅದೇ ಕೋಡಣಸು ಮರುವರ್ಷವೂ ಅದೇ ಎತ್ತಿಗೆ ಒಪ್ಪುತ್ತದೆ, ಏಕೆಂದರೆ ಕೋಡು ಎಲ್ಲಿಗೂ ಹೋಗಿರುವುದಿಲ್ಲ. ಒಳಗೆ ಮೂಳೆಯ ತಿರುಳು, ಹೊರಗೆ ಉಗುರು ಮತ್ತು ಗೊರಸಿನ ಪದಾರ್ಥವೇ ಆದ ಕೆರಾಟಿನ್ನಿನ ಚಿಪ್ಪು. ಅದು ಜೀವಮಾನವಿಡೀ ಬುಡದಿಂದ ಬೆಳೆಯುತ್ತಲೇ ಇರುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹೋರಿಗೆ ಬೀಜ ಒಡೆಸಿ ಎತ್ತು ಮಾಡಿದ ಮೇಲೂ ಕೋಡು ನಿಲ್ಲುವುದಿಲ್ಲ, ಹೋರಿಯದಕ್ಕಿಂತ ಉದ್ದವಾಗಿ ಬೆಳೆಯುವುದೇ ಹೆಚ್ಚು. ಆಕಳಿಗೂ ಕೋಡು ಉಂಟು. ಎಂದರೆ ಕೋಡಿಗೆ ಗಂಡುತನದ ಹಂಗಿಲ್ಲ. ಮಿಶ್ರತಳಿ ಕರುಗಳ ಕೋಡನ್ನು ಪಶುವೈದ್ಯರು ಮೊಗ್ಗಿನಲ್ಲಿಯೇ ಸುಡುವುದನ್ನು ಇಲ್ಲಿ ಹಲವರು ಬಲ್ಲಿರಿ. ಮೊದಲ ಎರಡು ತಿಂಗಳೊಳಗೆ ಆ ಮೊಗ್ಗು ಚರ್ಮದಲ್ಲಿಯೇ ಇರುತ್ತದೆ, ಬೆರಳಿಟ್ಟರೆ ಚರ್ಮದ ಜೊತೆಗೆ ಸರಿಯುತ್ತದೆ. ತಲೆಬುರುಡೆಗೆ ಅಂಟಿಕೊಳ್ಳುವುದು ಆಮೇಲೆ. ಅಂದರೆ ಕೋಡಿನ ಬೀಜ ಚರ್ಮದಲ್ಲಿದೆ.

ಜಿಂಕೆಯ ಕೊಂಬು ಈ ಎಲ್ಲದರಲ್ಲೂ ತಿರುವುಮುರುವು. ಅದು ಅಪ್ಪಟ ಮೂಳೆ, ಹೊರಗೆ ಚಿಪ್ಪಿಲ್ಲ. ತುದಿಯಿಂದ ಬೆಳೆಯುತ್ತದೆ, ಬುಡದಿಂದಲ್ಲ. ಹಿಮಸಾರಂಗವೊಂದನ್ನು ಬಿಟ್ಟರೆ ಹೆಣ್ಣಿಗೆ ಇರುವುದಿಲ್ಲ. ಬೆಳೆದು, ಗಟ್ಟಿಯಾಗಿ, ಕೆಲಕಾಲ ನಿಂತು, ಬಿದ್ದುಹೋಗಿ, ಮತ್ತೆ ಮೊದಲಿನಿಂದ ಬೆಳೆಯುತ್ತದೆ. ಸಸ್ತನಿಗಳಲ್ಲಿ ಇಷ್ಟು ದೊಡ್ಡ ಅಂಗವೊಂದನ್ನು ಪೂರ್ತಿಯಾಗಿ ಮತ್ತೆ ಮತ್ತೆ ಕಟ್ಟಿಕೊಳ್ಳಬಲ್ಲ ಪ್ರಾಣಿ ಇನ್ನೊಂದಿಲ್ಲ. ಮತ್ತು ಈ ಇಡೀ ಚಕ್ರ ಗಂಡುತನದ ಹಿಡಿತದಲ್ಲಿದೆ. ಇದನ್ನು ಮೊದಲು ಬರೆದಿಟ್ಟವನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್. ಕೊಂಬು ಮೂಡುವ ಮುಂಚೆಯೇ ಗಂಡು ಜಿಂಕೆಯ ಬೀಜ ತೆಗೆದರೆ ಅದಕ್ಕೆ ಕೊಂಬೇ ಬರುವುದಿಲ್ಲ, ಬಂದ ಮೇಲೆ ತೆಗೆದರೆ ಇರುವ ಕೊಂಬು ಉದುರುವುದಿಲ್ಲ ಎಂದು ಅವನು ತನ್ನ ಪ್ರಾಣಿಗ್ರಂಥದಲ್ಲಿ ಹೇಳಿದ್ದಾನೆ. ಇಪ್ಪತ್ತನೆಯ ಶತಮಾನದ ಪ್ರಯೋಗಗಳು ಇದಕ್ಕೆ ಸೇರಿಸಿದ ತಿದ್ದುಪಡಿ ಒಂದೇ. ಗಟ್ಟಿಗೊಂಬಿದ್ದಾಗ ಬೀಜ ತೆಗೆದರೆ ಆ ಕೊಂಬು ಬೇಗನೆ ಬಿದ್ದುಹೋಗುತ್ತದೆ, ಆಮೇಲೆ ಬರುವ ಎಳೆಗೊಂಬು ಎಂದೂ ಗಟ್ಟಿಯಾಗದೆ ಹಾಗೆಯೇ ಉಳಿದುಬಿಡುತ್ತದೆ. ಅದೇ ಬೀಜ ಒಡೆದ ಎತ್ತಿನ ಕೋಡು ನಿಶ್ಚಿಂತೆಯಾಗಿ ಬೆಳೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬೇರೆ ಬೇರೆ ಎಂಬುದಕ್ಕೆ ಸೂಕ್ಷ್ಮದರ್ಶಕ ಬೇಡ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಕೊಂಬು ಮೊದಲ ಸಲ ಹುಟ್ಟುವುದು ಹೇಗೆ? ಗಂಡು ಮರಿ ಹುಟ್ಟಿದಾಗ ಅದರ ಹಣೆಯ ಮೂಳೆಯ ಮೇಲೆ, ಎಡಕ್ಕೊಂದು ಬಲಕ್ಕೊಂದು, ವಿಶೇಷವಾದ ಪೊರೆಯ ತುಂಡೊಂದು ಇರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. 1974ರಲ್ಲಿ ಜರ್ಮನಿಯ ಹಾರ್ಟ್‌ವಿಗ್ ಮತ್ತು ಶ್ರೂಡೆ ಎಂಬ ಸಂಶೋಧಕರು ಯೂರೋಪಿನ ಚಿಕ್ಕ ಜಾತಿಯ ಜಿಂಕೆಯೊಂದರಲ್ಲಿ ಈ ಪೊರೆಯನ್ನು ಬಿಡಿಸಿ ತೆಗೆದು ಅದೇ ಪ್ರಾಣಿಯ ಮುಂಗಾಲಿನ ಮೂಳೆಗೆ ಕಸಿ ಮಾಡಿದರು. ಕಾಲಿನ ಮೇಲೆ ಕೊಂಬು ಬೆಳೆಯಿತು! ಮಾವಿನ ಕಸಿ ಕಟ್ಟುವವರಿಗೆ ಇದರ ಅರ್ಥ ಒಡನೆ ಹೊಳೆಯುತ್ತದೆ. ಕೊಂಬಿನ ಬೀಜ ಮೂಳೆಯ ಹೊರಪೊರೆಯಲ್ಲಿದೆ, ಕರುವಿನ ಹಾಗೆ ಚರ್ಮದಲ್ಲಿಲ್ಲ. ಆದರೆ ಬೀಜವಿದ್ದ ಮಾತ್ರಕ್ಕೆ ಮೊಳಕೆ ಬರುವುದಿಲ್ಲ. ಮರಿ ಬೆಳೆದು, ಅದರ ವೃಷಣಗಳು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನನ್ನು ಸ್ವಲ್ಪ ಸ್ವಲ್ಪವಾಗಿ ಸುರಿಸತೊಡಗಿದಾಗ ಆ ಪೊರೆಯ ಕೋಶಗಳು ಎಚ್ಚೆತ್ತು ಮೂಳೆ ಕಟ್ಟುತ್ತವೆ. ಹಣೆಯ ಮೇಲೆ ಎರಡು ಗುಬುಟುಗಳು ಏಳುತ್ತವೆ. ಇವು ಕೊಂಬಿನ ಬುಡಗಳು. ಇವು ಕೂದಲಿನ ಚರ್ಮ ಹೊದ್ದ ಮೂಳೆಗೂಟಗಳು, ಜೀವನಪೂರ್ತಿ ಉಳಿಯುತ್ತವೆ. ಮುಂದೆ ಪ್ರತಿ ಸಲ ಕೊಂಬು ಏಳುವುದೂ ಬೀಳುವುದೂ ಈ ಗೂಟದ ತಲೆಯಿಂದಲೇ. ಕಾಡುಕುರಿಯಲ್ಲಿ ಈ ಗೂಟಗಳು ಎಷ್ಟು ಉದ್ದವೆಂದರೆ ಮುಖದ ಮೇಲೆ ಎರಡು ಏಣುಗಳಾಗಿ ಇಳಿದಿರುತ್ತವೆ, ಕೊಂಬು ಮಾತ್ರ ತುದಿಯಲ್ಲಿ ಗಿಡ್ಡ.

ಗೂಟ ಒಂದಿಷ್ಟು ಎತ್ತರಕ್ಕೆ ಬಂದ ಮೇಲೆ ಅದರ ನೆತ್ತಿಯ ಚರ್ಮ ಬದಲಾಗುತ್ತದೆ. ಒರಟು ಕೂದಲು ಹೋಗಿ ಮಖಮಲ್ಲಿನಂಥ ಸಣ್ಣ, ನೆಟ್ಟಗಿನ ನವುರು ಬರುತ್ತದೆ. ಮೊದಲ ಕೊಂಬು ಶುರುವಾಗುವುದು ಆಗ. ಹತ್ತಿರದಿಂದ ನೋಡಿದರೆ ಅದು ಕೊಂಬಿನಂತೆಯೇ ಕಾಣುವುದಿಲ್ಲ. ತುದಿ ಗುಂಡಗೆ, ಎಳೆ ಬಿದಿರಿನ ಕಳಲೆಯ ಹಾಗೆ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದರೆ ನವುರಿನ ಅಂಚು ಹೊಳೆಯುತ್ತದೆ. ಒಳಗೆ ರಕ್ತ ತುಂಬಿ ಹರಿಯುವುದರಿಂದ ಮುಟ್ಟಿದರೆ ಬೆಚ್ಚಗಿರುತ್ತದೆ, ನರಗಳೂ ತುಂಬಿರುವುದರಿಂದ ಏಟು ಬಿದ್ದರೆ ನೋಯುತ್ತದೆ. ಎಳೆಗೊಂಬಿನ ಗಂಡು ತಲೆಯನ್ನು ಪೊದೆಗೆ ತಾಗಿಸದೆ ಜಾಗರೂಕತೆಯಿಂದ ನಡೆಯುವುದು ಅದಕ್ಕೇ. ತುದಿಯಲ್ಲಿ ಮೊದಲು ಮೃದ್ವಸ್ಥಿ, ಅದರ ಹಿಂದೆ ಅದು ಮೂಳೆಯಾಗುತ್ತ ಬರುತ್ತದೆ. ದೊಡ್ಡ ಜಾತಿಯ ಜಿಂಕೆಗಳ ಬೆಳೆದ ಗಂಡುಗಳಲ್ಲಿ ಈ ಬೆಳವಣಿಗೆ ದಿನಕ್ಕೆ ಎರಡು ಸೆಂಟಿಮೀಟರಿನವರೆಗೆ ಹೋಗುವುದುಂಟು. ಎಳೆಯದರಲ್ಲಿ ಅಷ್ಟು ಅವಸರವಿಲ್ಲ. ಮೊದಲ ಸಲ ಸಾಮಾನ್ಯವಾಗಿ ಕವಲಿಲ್ಲದ ಒಂಟಿ ಕಡ್ಡಿ, ಬುಡದಲ್ಲಿ ದೊಡ್ಡ ಗಂಡುಗಳಿಗೆ ಇರುವ ಗಂಟುಗಂಟಾದ ಬಳೆಯೂ ಇರುವುದಿಲ್ಲ. ಟೆಸ್ಟೋಸ್ಟಿರಾನ್ ಮತ್ತೆ ಏರಿದಾಗ ಕೊಂಬಿಗೆ ಖನಿಜ ತುಂಬಿ ಗಟ್ಟಿಯಾಗುತ್ತದೆ, ರಕ್ತ ನಿಲ್ಲುತ್ತದೆ, ಒಣಗಿದ ಮಖಮಲ್ಲನ್ನು ಪ್ರಾಣಿ ಗಿಡದ ಕಾಂಡಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಆ ಖನಿಜ ಬರುವುದೆಲ್ಲಿಂದ? ಒಂದಂಶ ಮೇವಿನಿಂದ. ಸಾಲದ್ದನ್ನು ದೇಹ ತನ್ನ ಬೇರೆ ಮೂಳೆಗಳಿಂದ ಕಡ ತೆಗೆಯುತ್ತದೆ. ಕೊಂಬು ಗಟ್ಟಿಯಾಗುವ ವಾರಗಳಲ್ಲಿ ಜಿಂಕೆಯ ಪಕ್ಕೆಲುಬುಗಳು ತೆಳುವಾಗುವುದನ್ನು ಅಮೆರಿಕದ ಪ್ರಾಣಿವೈದ್ಯರು 1950 ಮತ್ತು 60ರ ದಶಕಗಳಲ್ಲಿಯೇ ತೋರಿಸಿದ್ದಾರೆ. ಮೇವು ಸಿಕ್ಕಂತೆ ಆ ಕಡ ತೀರುತ್ತದೆ. ಬೆಳೆದ ಗಂಡಿಗೆ ಇದು ಒಂದೇ ಹೊರೆ. ಒಂದು ವರ್ಷದ ಎಳೆಯದು ಮೈಯನ್ನೂ ಬೆಳೆಸಬೇಕು, ಕೊಂಬನ್ನೂ ಕಟ್ಟಬೇಕು. ಮೊದಲ ಕೊಂಬು ಮೇವಿಗೆ ಅಷ್ಟು ಸೂಕ್ಷ್ಮವಾಗಿ ಸ್ಪಂದಿಸುವುದರ ಕಾರಣ ಈ ಇಬ್ಬಗೆಯ ಹೊರೆಯಲ್ಲಿದೆ.

ಹಾಗಾದರೆ ಕೊಂಬಿನ ಕವಲು ಎಣಿಸಿ ವಯಸ್ಸು ಹೇಳಬಹುದೆಂಬ ನಂಬಿಕೆಯ ಗತಿಯೇನು? ಎತ್ತು ಕೊಳ್ಳುವ ರೈತ ಸಂತೆಯಲ್ಲಿ ಬಾಯಿ ಬಿಡಿಸಿ ನೋಡುತ್ತಾನೆ, ಎರಡಲ್ಲೋ ನಾಲ್ಕಲ್ಲೋ ಬಾಯಿಗೂಡಿದೆಯೋ ಎಂದು. ಕೋಡಿನ ಉದ್ದ ನೋಡಿ ದುಡ್ಡು ಕೊಡುವವನು ಯಾರೂ ಇಲ್ಲ. ಜಿಂಕೆಯ ವಿಷಯದಲ್ಲೂ ಸರಿಯಾದ ದಾರಿ ಹಲ್ಲೇ. ಸಾರಗದ ಬೆಳೆದ ಗಂಡಿಗೆ ಒಂದೊಂದು ಕೊಂಬಿನಲ್ಲಿ ಮೂರು ಮೊನೆ, ಕಡವೆಗೂ ಮೂರೇ. ಎಂಟು ವರ್ಷದ ಸಾರಗಕ್ಕೆ ಎಂಟು ಮೊನೆ ಬರುವುದಿಲ್ಲ, ಮುದಿಯಾದಾಗ ಕೊಂಬು ಕುಗ್ಗುವುದೂ ಉಂಟು. ಮೊದಲ ಕೊಂಬು ಏಳುವ ಗಳಿಗೆಯನ್ನೂ ವಯಸ್ಸು ಒಂದೇ ನಿರ್ಧರಿಸುವುದಿಲ್ಲ. ಸಾಕಿದ ಕೆಂಪು ಜಿಂಕೆಗಳ ಮೇಲೆ ಬ್ರಿಟನ್ನಿನಲ್ಲೂ ನ್ಯೂಜಿಲೆಂಡಿನಲ್ಲೂ ಕೆಲಸ ಮಾಡಿದ ಸಟ್ಟಿ ಮತ್ತು ಅವರ ಸಂಗಡಿಗರು ಕಂಡುಕೊಂಡದ್ದು ಇದು: ಗೂಟ ಏಳುವುದು ಮರಿಯ ಮೈತೂಕ ಒಂದು ಮಟ್ಟ ಮುಟ್ಟಿದಾಗ. ಒಂದೇ ಕಾಲದಲ್ಲಿ ಹುಟ್ಟಿದವುಗಳಲ್ಲಿ ಚೆನ್ನಾಗಿ ತಿಂದದ್ದಕ್ಕೆ ಮೊದಲು, ಅರೆಹೊಟ್ಟೆಯದಕ್ಕೆ ತಡವಾಗಿ. ಎಂದರೆ ಕೊಂಬಿನ ಮೊಳಕೆಯೇ ಮೇವಿನ ಅಪ್ಪಣೆಗೆ ಕಾಯುತ್ತದೆ.

ಈ ವಾದಕ್ಕೆ ಅತ್ಯಂತ ಗಟ್ಟಿಯಾದ ಆಧಾರ ಸ್ಕಾಟ್ಲೆಂಡಿನ ಪಡುವಣ ಕಡಲಿನ ರಮ್ ಎಂಬ ದ್ವೀಪದಿಂದ ಬಂದಿದೆ. ಅಲ್ಲಿನ ಕೆಂಪು ಜಿಂಕೆಗಳನ್ನು 1953ರಿಂದ ಬಿಡದೆ ಗಮನಿಸುತ್ತಿದ್ದಾರೆ. ಮರಿ ಹುಟ್ಟಿದ ಕೂಡಲೇ ಹಿಡಿದು ತೂಗಿ, ಗುರುತು ಹಾಕಿ, ಅದು ಸಾಯುವವರೆಗೆ ಲೆಕ್ಕ ಇಡುತ್ತಾರೆ. ದ್ವೀಪದ ಉತ್ತರ ಭಾಗದಲ್ಲಿ 1970ರ ದಶಕದ ಆರಂಭದಲ್ಲಿ ಬೇಟೆ ನಿಲ್ಲಿಸಿದಾಗ ಜಿಂಕೆಗಳ ಸಂಖ್ಯೆ ಏರಿತು, ತಲೆಗೆ ಸಿಗುವ ಹುಲ್ಲು ಇಳಿಯಿತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ವರ್ಷ ತುಂಬಿದ ಗಂಡುಗಳ ಮೊದಲ ಕೊಂಬಿನ ಉದ್ದವನ್ನು ಈ ಲೆಕ್ಕದ ಜೊತೆ ಹೋಲಿಸಿತು. ಹಿಂಡು ದಟ್ಟವಾದಂತೆ ಕೊಂಬು ಗಿಡ್ಡವಾಗಿತ್ತು. ಆಯಾ ವರ್ಷದ ಹವೆಯ ಗುರುತು ಅದರಲ್ಲಿತ್ತು. ಹುಟ್ಟುವಾಗಲೇ ತೂಕವಿದ್ದ ಮರಿಗೆ ಕೊಂಬು ಉದ್ದವಾಗಿತ್ತು. ಹುಟ್ಟುವ ತೂಕವೆಂದರೆ ಬಸಿರಿನ ತಾಯಿ ತಿಂದದ್ದರ ಲೆಕ್ಕ. ಹಾಗೆ ನೋಡಿದರೆ ಆ ಕಡ್ಡಿಗೊಂಬಿನಲ್ಲಿ ಮಗನ ವರ್ಷವೂ ಇದೆ, ತಾಯಿಯ ವರ್ಷವೂ ಇದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ವಂಶಕ್ಕೆ ಬೆಲೆಯೇ ಇಲ್ಲವೇ? ತಳಿಯ ಗುಣವನ್ನು ತಲೆಮಾರುಗಳಿಂದ ಕಾಪಾಡಿದ ರೈತರ ಮುಂದೆ ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಕೆರ್ ವನ್ಯಜೀವಿ ಕ್ಷೇತ್ರದಲ್ಲಿ 1970ರ ದಶಕದಿಂದ ನಡೆದ ಪ್ರಯೋಗಗಳಲ್ಲಿ ಬಿಳಿಬಾಲದ ಜಿಂಕೆಗಳಿಗೆ ಒಂದೇ ಮೇವು ಕೊಟ್ಟು ಬೆಳೆಸಿದಾಗ, ಮೊದಲ ವರ್ಷ ಕಡ್ಡಿಗೊಂಬು ಬಂದವುಗಳು ಮುಂದೆಯೂ ಸರಾಸರಿಯಲ್ಲಿ ಹಿಂದುಳಿದವು. ಕಡ್ಡಿಗೊಂಬಿನವು ಕೀಳು ವಂಶ, ಅವನ್ನು ಬೇಟೆಯಾಡಿ ತೆಗೆಯಬೇಕು ಎಂಬ ಮಾತು ಅಲ್ಲಿ ಹಬ್ಬಿದ್ದು ಹೀಗೆ. ಆದರೆ ಅದೇ ಪ್ರಯೋಗಗಳಲ್ಲಿ ಮೇವಿನ ಪ್ರೋಟೀನ್ ಕಡಿಮೆ ಮಾಡಿದಾಗ ಕವಲೊಡೆಯಬೇಕಾದವೂ ಕಡ್ಡಿಗೊಂಬಿಗೆ ಇಳಿದವು. ದಕ್ಷಿಣ ಟೆಕ್ಸಾಸಿನ ಕಾಡು ಜಿಂಕೆಗಳನ್ನು ಹಿಡಿದು ಗುರುತು ಹಾಕಿ ಬಿಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕೂವರೆ ವರ್ಷದ ಹೊತ್ತಿಗೆ ಕಡ್ಡಿಗೊಂಬಿನಿಂದ ಶುರುವಾದವೂ ಕವಲಿನಿಂದ ಶುರುವಾದವೂ ಒಂದೇ ಮಟ್ಟಕ್ಕೆ ಬಂದಿದ್ದವು. ಇದಕ್ಕಿಂತ ಮನಮುಟ್ಟುವ ಪ್ರಯೋಗ ದಕ್ಷಿಣ ಡಕೋಟಾದ್ದು. ಬಡ ಮೇವಿನ ಬೆಟ್ಟಸೀಮೆಯ ಚಿಕ್ಕ ಜಿಂಕೆಗಳನ್ನೂ ಫಲವತ್ತಾದ ಹೊಲಸೀಮೆಯ ದೊಡ್ಡ ಜಿಂಕೆಗಳನ್ನೂ ಮರಿಯಲ್ಲಿಯೇ ತಂದು ಒಂದೇ ಕಡೆ ಒಳ್ಳೆಯ ಮೇವು ಹಾಕಿ ಬೆಳೆಸಿದರು. ಬೆಟ್ಟದವು ಚಿಕ್ಕವಾಗಿಯೇ ಉಳಿದವು. ಇಷ್ಟಕ್ಕೇ ನಿಲ್ಲಿಸಿದ್ದರೆ ವಂಶವಾದಿಗಳು ಗೆದ್ದಂತೆ. ಆದರೆ ಅವುಗಳ ಮಕ್ಕಳು, ಹೊಟ್ಟೆತುಂಬ ತಿಂದ ತಾಯಂದಿರಿಗೆ ಹುಟ್ಟಿದವು, ಮೈಯಲ್ಲೂ ಕೊಂಬಿನಲ್ಲೂ ಹೊಲಸೀಮೆಯವಕ್ಕೆ ಹೆಚ್ಚುಕಡಿಮೆ ಸರಿಸಮ ಬಂದವು. ವಂಶದ ಕೊರತೆ ಎಂದು ಕಂಡದ್ದರಲ್ಲಿ ದೊಡ್ಡ ಪಾಲು ತಾಯಿಯ ಹಸಿವಾಗಿತ್ತು. ರಕ್ತಗುಣ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲ ಕೊಂಬನ್ನು ನೋಡಿ ಅದನ್ನು ಅಳೆಯಲಾಗದು ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪ ಇನ್ನೂ ನ್ಯಾಯವಾದದ್ದು. ಇವೆಲ್ಲ ಚಳಿದೇಶದ ಲೆಕ್ಕ, ನಮ್ಮ ಸಾರಗಕ್ಕೆ ಹೇಗೆ ಅನ್ವಯಿಸುತ್ತದೆ? ರಮ್ ದ್ವೀಪದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಹನ್ನೊಂದು ಗಂಟೆಯ ವ್ಯತ್ಯಾಸ. ಅಲ್ಲಿನ ಜಿಂಕೆಗಳು ಆ ಬೆಳಕನ್ನೇ ಪಂಚಾಂಗ ಮಾಡಿಕೊಂಡು ಎಲ್ಲವೂ ಒಟ್ಟಿಗೆ ಕೊಂಬು ಉದುರಿಸುತ್ತವೆ. ನಾವು ಸೇರಿರುವ ಈ ಸಿರಿಗೆರೆಯ ಅಕ್ಷಾಂಶದಲ್ಲಿ ಆ ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಸಾರಗದಲ್ಲಿ ವರ್ಷದ ಎಲ್ಲ ತಿಂಗಳಲ್ಲೂ ಮರಿ ಹುಟ್ಟುತ್ತದೆ. ಒಂದೇ ಹಿಂಡಿನಲ್ಲಿ ಮಖಮಲ್ಲಿನದು, ಗಟ್ಟಿಗೊಂಬಿನದು, ಬೋಳುತಲೆಯದು ಒಟ್ಟಿಗೆ ಮೇಯುತ್ತವೆ. 1868ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಒಯ್ದ ಸಾರಗಗಳ ಸಂತತಿ ಇಂದಿಗೂ ಹೀಗೆಯೇ ಬದುಕುತ್ತಿದೆ. ಆದರೆ ಈ ವ್ಯತ್ಯಾಸ ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ನನ್ನ ಎಣಿಕೆ. ಹಾರ್ಮೋನಿನ ನಂಟು, ಖನಿಜದ ಖರ್ಚು, ಎಳೆಮೈಯ ಇಬ್ಬಗೆಯ ಹೊರೆ, ಇವು ಅಕ್ಷಾಂಶ ನೋಡಿ ಬದಲಾಗುವಂಥವಲ್ಲ. ಬದಲಾಗುವುದು ಗಡಿಯಾರ ಮಾತ್ರ. ನಮ್ಮ ಕಾಡಿನಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಹುಟ್ಟಿದ ಮರಿಯ ತಾಯಿ ಹಸಿಹುಲ್ಲಿನಲ್ಲಿ ಹಾಲೂಡುತ್ತಾಳೆ, ಮಾಗಿಯ ಕೊನೆಗೆ ಹುಟ್ಟಿದ ಮರಿಯ ತಾಯಿ ಒಣಗಿದ ಕಡ್ಡಿಯಲ್ಲಿ. ಅದೇ ಕಾಡು, ಅದೇ ರಕ್ತ, ಬೇರೆ ಮೇವು. ಸಂಶೋಧಕರು ಬೇಲಿ ಹಾಕಿ ಮಾಡುವ ಪ್ರಯೋಗವನ್ನು ಇಲ್ಲಿ ಮಳೆಯೇ ಪ್ರತಿವರ್ಷ ಮಾಡಿ ಮುಂದಿಡುತ್ತಿದೆ.

ವರ್ಷದಿಂದ ವರ್ಷಕ್ಕೆ ಮಳೆ ಎಷ್ಟು ಬೇರೆಯಾಗಬಲ್ಲುದು ಎಂದು ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರ ಬಂದಾಗ ನಾಡಿನ ಜನ ಶೃಂಗೇರಿ ಬಳಿಯ ಕಿಗ್ಗಕ್ಕೆ ಹೋಗಿ ಋಷ್ಯಶೃಂಗನಿಗೆ ಪೂಜೆ ಸಲ್ಲಿಸುವ ಪದ್ಧತಿ ಇಂದಿಗೂ ಉಂಟು. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ, ತಲೆಯಲ್ಲಿ ಕೊಂಬು ಹೊತ್ತ ಎಳೆಯನೊಬ್ಬ ಕಾಲಿಟ್ಟಲ್ಲಿ ಮಳೆ ಬಂತೆಂದು ಪುರಾಣ. ಕೊಂಬನ್ನೂ ಮಳೆಯನ್ನೂ ಒಟ್ಟಿಗೆ ನೆನೆದ ಆ ಹಳೆಯ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ಶಾಸ್ತ್ರ ಅದರ ದಿಕ್ಕನ್ನಷ್ಟೇ ತಿರುಗಿಸುತ್ತದೆ, ಮಳೆ ಮೊದಲು, ಕೊಂಬು ಆಮೇಲೆ.

ಇದರಿಂದ ಕೈಗೆ ಹತ್ತುವ ಕೆಲಸವೂ ಇದೆ. ಕಾಡಿನಲ್ಲಿ ಜಿಂಕೆ ಎಣಿಸುವಾಗ ಗಂಡುಗಳನ್ನು ಕೊಂಬು ನೋಡಿ ಎಳೆಯದು, ಬೆಳೆದದ್ದು ಎಂದು ವಿಂಗಡಿಸುತ್ತಾರೆ. ಬರದ ವರ್ಷ ಗೂಟ ತಡವಾಗಿ ಎದ್ದರೆ ವರ್ಷ ತುಂಬಿದ ಗಂಡೂ ದೂರದಿಂದ ಹೆಣ್ಣಿನಂತೆಯೇ ಕಾಣುತ್ತದೆ. ಆ ವರ್ಷ ಗಂಡುಗಳೇ ಕಡಿಮೆಯಾಗಿವೆ ಎಂದು ಬರೆದುಕೊಂಡರೆ ಲೆಕ್ಕ ತಪ್ಪಿತು. ಆದ್ದರಿಂದ ಎಣಿಕೆಯ ಹಾಳೆಯಲ್ಲಿ ಕಡ್ಡಿಗೊಂಬಿನ ಉದ್ದವನ್ನು ಕಿವಿಯ ಉದ್ದಕ್ಕೆ ಹೋಲಿಸಿ, ಕಿವಿಗಿಂತ ಗಿಡ್ಡ, ಸಮ, ಉದ್ದ ಎಂದು ಮೂರೇ ಮಾತಿನಲ್ಲಿ ಬರೆದು, ಪಕ್ಕದಲ್ಲಿ ಆ ವರ್ಷದ ಮಳೆಯನ್ನು ನಮೂದಿಸುವಂತಾಗಬೇಕು. ಮರಿ ಹುಟ್ಟಿದ ದಿನ ತಿಳಿದಿರುವ ಮೃಗಾಲಯಗಳಲ್ಲಿ ಗೂಟ ಎದ್ದ ದಿನವನ್ನೂ ಬರೆದಿಟ್ಟರೆ ಹತ್ತು ವರ್ಷದಲ್ಲಿ ಕರ್ನಾಟಕದ್ದೇ ಆದ ಲೆಕ್ಕ ನಮ್ಮ ಕೈಲಿರುತ್ತದೆ. ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ, ಖರ್ಚಿಲ್ಲದ ಅಭ್ಯಾಸ ಸಿಗುವುದು ಕಷ್ಟ.

ಕಡೆಯದಾಗಿ, ಉದುರಿದ ಕೊಂಬಿನ ಬಗ್ಗೆ. ಕಾಡಂಚಿನಲ್ಲಿ ಬಿದ್ದದ್ದನ್ನು ಚಂದವೆಂದು ಮನೆಗೆ ತರುವ ಅಭ್ಯಾಸ ಕೆಲವರಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ, ತಾನಾಗಿ ಬಿದ್ದದ್ದೆಂಬ ಮಾತು ಅಲ್ಲಿ ನಡೆಯದು. ಕಾಯ್ದೆಯ ಮಾತು ಬಿಟ್ಟರೂ ಆ ಕೊಂಬಿಗೆ ಕಾಡಿನಲ್ಲಿ ಕಾಯುವವರಿದ್ದಾರೆ. ಮುಳ್ಳುಹಂದಿ ಅದನ್ನು ತನ್ನ ಬಿಲಕ್ಕೆ ಎಳೆದೊಯ್ದು ಕಡಿಯುತ್ತದೆ, ಸುಣ್ಣದಂಶಕ್ಕಾಗಿ ಜಿಂಕೆಗಳೇ ಅಗಿಯುತ್ತವೆ. ಪಕ್ಕೆಲುಬಿನಿಂದ ಕಡ ತೆಗೆದು ಕಟ್ಟಿದ್ದು ಹೀಗೆ ಇನ್ನೊಂದು ಮೈಗೆ ಸೇರುತ್ತದೆ. ಇತ್ತ ಕೊಂಬು ಕಳಚಿದ ಎಳೆಯ ಗಂಡಿನ ತಲೆಯ ಮೇಲೆ ಎರಡು ಹಸಿಗಾಯಗಳು ಉಳಿಯುತ್ತವೆ, ಒಂದಿಷ್ಟು ನೆತ್ತರು ಒಸರಿ ಹೆಕ್ಕಳೆ ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಸುತ್ತಲಿನ ಚರ್ಮ ಅಂಚಿನಿಂದ ಒಳಮುಖವಾಗಿ ಹಬ್ಬಿ ಗಾಯವನ್ನು ಮುಚ್ಚುತ್ತದೆ. ಅದರ ಕೆಳಗೆ ಎರಡನೆಯ ಕೊಂಬು, ಈ ಸಲ ಕವಲಿನದು, ಆಗಲೇ ಉಬ್ಬತೊಡಗಿರುತ್ತದೆ.